ರಸ್ತೆ ಎಲ್ಲರದು, ಜಲ್ಲಿ ಯಾರದು? – ಓದುಗರ ಪ್ರಶ್ನೆ, ನಮ್ಮ ಉತ್ತರ

ಊರ ಹೊರಗೆ ಜಮೀನು, ತೋಟ, ಮನೆ ಮಾಡಿಕೊಂಡವರು ಸೇರಿ ಕಟ್ಟಿದ ಮಾಲೀಕರ ಸಂಘಗಳಿಂದ ಬಂದ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರ. ಪ್ರಶ್ನೆಗಳು ಬೇರೆ ಬೇರೆ, ಗಂಟು ಹೆಚ್ಚಿನವಕ್ಕೆ ಒಂದೇ: ಅಳತೆಯನ್ನು ಮೊದಲೇ ಬರೆದಿಟ್ಟಿಲ್ಲ, ಜಗಳ ಹತ್ತಿದ ಮೇಲೆ ಟೇಪು ಹುಡುಕುತ್ತಾರೆ.

ಪ್ರಶ್ನೆ: ನಮ್ಮ ಸಂಘದ ರಸ್ತೆ 1.2 ಕಿ.ಮೀ. ಉದ್ದ, 4 ಮೀಟರ್ ಅಗಲ, ಡಾಂಬರಿಲ್ಲ. ಪ್ರತಿ ವರ್ಷ ಜಲ್ಲಿ ಹಾಕಿಸುತ್ತೇವೆ. ಮಳೆಗಾಲ ಮುಗಿಯುವಷ್ಟರಲ್ಲಿ ಗುಂಡಿ, ಒಣಗಿದ ಮೇಲೆ ಅಡ್ಡಡ್ಡ ಅಲೆ. ಇನ್ನೂ ಎಷ್ಟು ಜಲ್ಲಿ ಬೇಕು? – ಕಾರ್ಯದರ್ಶಿ, 12 ಮನೆಗಳ ಸಂಘ

ಉತ್ತರ: ಜಲ್ಲಿಯ ಲೆಕ್ಕ ಆಮೇಲೆ. ಮೊದಲು ನೀರು ಎಲ್ಲಿ ನಿಲ್ಲುತ್ತಿದೆ ನೋಡಿ. ರಸ್ತೆಯ ನಡು ಉಬ್ಬಿರಬೇಕು, ಅಂಚಿನ ಕಡೆಗೆ ಪ್ರತಿ ಮೀಟರಿಗೆ 4 ಸೆಂ.ಮೀ. ಇಳಿಯಬೇಕು. ಕಂಟ್ರಾಕ್ಟರರು ಕ್ಯಾಂಬರ್ ಅನ್ನುವುದು ಇದಕ್ಕೇ. ನಿಮ್ಮ 4 ಮೀಟರ್ ರಸ್ತೆಯಲ್ಲಿ ನಡುವಿನಿಂದ ಅಂಚಿಗೆ 2 ಮೀಟರ್, ಅಂದರೆ ನಡು ಅಂಚಿಗಿಂತ 8 ಸೆಂ.ಮೀ. ಎತ್ತರ ಇರಬೇಕು. ಪರೀಕ್ಷೆ ಸುಲಭ. 2 ಮೀಟರ್ ಉದ್ದದ ನೆಟ್ಟನೆಯ ಪಟ್ಟಿಯ ಒಂದು ತುದಿಯನ್ನು ರಸ್ತೆಯ ನಡುವಿಗಿಟ್ಟು, ಮೇಲೆ ರಸಮಟ್ಟ ಇಟ್ಟು ಸಮ ಮಾಡಿ, ಅಂಚಿನ ತುದಿಯ ಕೆಳಗೆ ಎಷ್ಟು ಸಂದಿ ಇದೆ ಅಳೆಯಿರಿ. ಎರಡು-ಮೂರು ಸೆಂ.ಮೀ. ಸಿಕ್ಕಿತೆಂದರೆ ಕಾರಣ ಅಲ್ಲೇ ಇದೆ: ನೀರು ಚಕ್ರದ ಜಾಡಿನಲ್ಲೇ ನಿಂತು ತಳವನ್ನು ಮೆತ್ತಗೆ ಮಾಡುತ್ತಿದೆ. ಅದರ ಮೇಲೆ ಎಷ್ಟು ಲೋಡು ಸುರಿದರೂ ಜಲ್ಲಿ ಕೆಸರಿಗೆ ಇಳಿಯುತ್ತದೆ ಅಷ್ಟೆ.

ಅನೇಕ ಕಡೆ ಉಬ್ಬು ಸರಿಯಾಗಿಯೇ ಇರುತ್ತದೆ, ಅಂಚಿನಲ್ಲಿ ಹುಲ್ಲು ಬೆಳೆದು, ಚಕ್ರ ಎರಚಿದ ಮಣ್ಣು ಸೇರಿ ಒಂದು ಸಣ್ಣ ಬದು ಕಟ್ಟಿಕೊಂಡಿರುತ್ತದೆ. ಚರಂಡಿಗೆ ಹೋಗಬೇಕಾದ ನೀರು ಆ ಬದುವಿಗೆ ಬಡಿದು ರಸ್ತೆಯ ಉದ್ದಕ್ಕೂ ಹರಿಯುತ್ತದೆ. ಅದನ್ನು ಕೆತ್ತಿ ತೆಗೆಯುವುದು ಅರ್ಧ ದಿನದ ಕೆಲಸ, ಜಲ್ಲಿಗಿಂತ ಅದೇ ಹೆಚ್ಚು ಫಲ ಕೊಡುತ್ತದೆ. ಚರಂಡಿಯ ತಳ ರಸ್ತೆಯ ಅಂಚಿಗಿಂತ ಕನಿಷ್ಠ 30 ಸೆಂ.ಮೀ. ಕೆಳಗಿರಲಿ. ಅಡ್ಡ ಮೋರಿಯ ಪೈಪಿಗೆ 45 ಸೆಂ.ಮೀ.ಗಿಂತ ಕಡಿಮೆ ವ್ಯಾಸ ಬೇಡ. ಸಣ್ಣ ಪೈಪು ಅಗ್ಗ ನಿಜ, ಆದರೆ ಎಲೆ-ಕಡ್ಡಿ ಸಿಕ್ಕಿಕೊಂಡರೆ ಒಳಗೆ ಗುದ್ದಲಿಯೂ ಹೋಗುವುದಿಲ್ಲ. ಪೈಪಿನ ಮೇಲೆ ಕನಿಷ್ಠ 30 ಸೆಂ.ಮೀ. ಗಟ್ಟಿ ಮಣ್ಣು ಬೇಕು, ಇಲ್ಲದಿದ್ದರೆ ಲೋಡಿನ ಲಾರಿ ಹಾದಾಗ ಪೈಪೇ ಒಡೆಯುತ್ತದೆ.

ಈಗ ಜಲ್ಲಿ. ತೊಳೆದ, ಒಂದೇ ಅಳತೆಯ ಜಲ್ಲಿ ನೋಡಲು ಚೆಂದ, ಚಕ್ರದ ಕೆಳಗೆ ಗೋಲಿಯಂತೆ ಉರುಳುತ್ತದೆ. ನಿಮಗೆ ಬೇಕಾದದ್ದು 20 ಮಿ.ಮೀ. ಕಲ್ಲಿನಿಂದ ಪುಡಿಯವರೆಗೆ ಎಲ್ಲ ಗಾತ್ರವೂ ಬೆರೆತ, ಸ್ವಲ್ಪ ಜೇಡಿಯ ಅಂಟೂ ಇರುವ ಮಿಶ್ರಣ. ಸಣ್ಣ ಪುಡಿಯ ಪಾಲು ತೂಕದಲ್ಲಿ ಶೇ. 8ರಿಂದ 15ರ ಆಸುಪಾಸು ಇರಲಿ. ಲಾರಿ ಇಳಿಸುವ ಮೊದಲು ಒಂದು ಹಿಡಿ ತೆಗೆದು ನೀರು ಚಿಮುಕಿಸಿ ಮುಷ್ಟಿ ಕಟ್ಟಿ. ಕೈ ಬಿಚ್ಚಿದಾಗ ಉಂಡೆ ನಿಲ್ಲಬೇಕು, ಅಂಗೈಗೆ ಮೆತ್ತಿಕೊಳ್ಳಬಾರದು. ಉದುರಿದರೆ ಅಂಟು ಸಾಲದು, ಮೆತ್ತಿಕೊಂಡರೆ ಮಳೆಯಲ್ಲಿ ಜಾರುತ್ತದೆ.

ಲೆಕ್ಕ ಹೀಗೆ: 1200 × 4 × 0.05, ಅಂದರೆ ಅಡಕಗೊಂಡ ಮೇಲೆ 5 ಸೆಂ.ಮೀ. ದಪ್ಪ ಉಳಿಯಲು 240 ಘನ ಮೀಟರ್. ರೋಲರ್ ಹೊಡೆದಾಗ ಕುಗ್ಗುವುದಕ್ಕೆ ಕಾಲು ಭಾಗ ಸೇರಿಸಿ, 300 ಘನ ಮೀಟರ್ ತರಿಸಿ. ಲಾರಿಗೆ 6 ಘನ ಮೀಟರ್ ಹಿಡಿದರೆ 50 ಲೋಡು, ಪ್ರತಿ ಲೋಡಿಗೆ 24 ಮೀಟರ್ ರಸ್ತೆ. ಹಿಂದಿನ ದಿನವೇ 24 ಮೀಟರಿಗೊಂದು ಗೂಟ ಹೊಡೆದಿಡಿ. ಗೂಟವಿಲ್ಲದ ಕಡೆ ಚಾಲಕ ತನಗೆ ಅನುಕೂಲವಾದಲ್ಲಿ ಸುರಿದು ಹೋಗುತ್ತಾನೆ, ಮೊದಲ 400 ಮೀಟರಿನಲ್ಲೇ ಅರ್ಧ ಜಲ್ಲಿ ಮುಗಿಯುತ್ತದೆ.

ಅಡ್ಡ ಅಲೆಗಳ ವಿಷಯ ಬೇರೆ. ಅವು ಮಳೆಯಿಂದಲ್ಲ, ಒಣ ಸಡಿಲ ಮೇಲ್ಮೈ ಮತ್ತು ವೇಗದಿಂದ. ಸಮತಟ್ಟಾದ ಮರಳಿನ ಮೇಲೆ ಚಕ್ರವನ್ನು ಸುತ್ತಿಸಿ ಭೌತವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವೇಗ ಒಂದು ಮಿತಿ ದಾಟಿದ ಮೇಲೇ ಅಲೆ ಹುಟ್ಟಿತು. ಗೇಟಿನ ಮುಂದೆ, ತಿರುವಿಗೆ ಮೊದಲು, ಏರಿನಲ್ಲಿ, ಹೀಗೆ ಬ್ರೇಕೋ ಆಕ್ಸಿಲರೇಟರೋ ಬೀಳುವಲ್ಲೆಲ್ಲ ಅಲೆ ಕಾಣುವುದು ಅದಕ್ಕೇ. ಅಲೆಯ ನೆತ್ತಿ ಕೆರೆದು ತಗ್ಗಿಗೆ ತುಂಬಿಸಿದರೆ ಕೆಲವೇ ದಿನಗಳಲ್ಲಿ ಅದೇ ಅಲೆ ವಾಪಸು, ಏಕೆಂದರೆ ಕೆಳಗಿನ ಗಟ್ಟಿ ಅಚ್ಚು ಹಾಗೇ ಉಳಿದಿರುತ್ತದೆ. ತಗ್ಗಿನ ತಳಕ್ಕಿಂತ ಎರಡು-ಮೂರು ಸೆಂ.ಮೀ. ಆಳಕ್ಕೆ ಕೆತ್ತಿ, ಕಲಸಿ, ಉಬ್ಬು ಕೊಟ್ಟು ರೋಲರ್ ಹೊಡೆಯಬೇಕು. ಈ ಕೆಲಸಕ್ಕೆ ಮಳೆ ಬಂದ ಮರುದಿನ ಪ್ರಶಸ್ತ. ಒಣ ಧೂಳಿನಲ್ಲಿ ಮಾಡಿಸಿದರೆ ಅಂಟು ಪುಡಿಯೆಲ್ಲ ಗಾಳಿಗೆ ಹಾರಿಹೋಗುತ್ತದೆ.

ಗುಂಡಿಗೂ ಇದೇ ಮಾತು: ಸುತ್ತಲ ಅಂಚನ್ನು ಪಿಕಾಸಿಯಿಂದ ನೇರವಾಗಿ ಕಡಿದು, ತಳ ಒದ್ದೆ ಮಾಡಿ, ಇದೇ ಮಿಶ್ರಣವನ್ನು 7-8 ಸೆಂ.ಮೀ. ಪದರವಾಗಿ ಹಾಕುತ್ತ ಧಮ್ಮಸ್ಸು ಹೊಡೆಯಿರಿ. ನೀರು ತುಂಬಿದ ಗುಂಡಿಗೆ ಬಾಂಡ್ಲಿಯಿಂದ ಜಲ್ಲಿ ಸುರಿಯುವುದು ಗುಂಡಿಗೆ ಮಾಡುವ ಉಪಚಾರವಲ್ಲ, ಮನಸ್ಸಿನ ಸಮಾಧಾನ.

ಪ್ರಶ್ನೆ: ಅದೇ ಸಂಘದಿಂದ ಇನ್ನೊಂದು. ರಸ್ತೆಯ ಆರಂಭದಲ್ಲಿರುವವರು ‘ನಾವು 300 ಮೀಟರ್ ಮಾತ್ರ ಬಳಸುತ್ತೇವೆ, ಕೊನೆಯವರು ಹೆಚ್ಚು ಕೊಡಲಿ’ ಎನ್ನುತ್ತಾರೆ. ನ್ಯಾಯ ಯಾವುದು?

ಉತ್ತರ: ಅವರ ವಾದವನ್ನು ಕೊನೆಯವರೆಗೆ ಲೆಕ್ಕ ಹಾಕಿ ಸಭೆಯ ಮುಂದಿಡಿ. ರಸ್ತೆಯನ್ನು 300 ಮೀಟರಿನ ನಾಲ್ಕು ತುಂಡು ಮಾಡಿ, ಪ್ರತಿ ತುಂಡಿಗೆ 36 ಪಾಲು ಖರ್ಚು, ಪ್ರತಿ ತುಂಡಿನಲ್ಲಿ 3 ಮನೆ ಎಂದುಕೊಳ್ಳಿ. ಮೊದಲ ತುಂಡನ್ನು ಹನ್ನೆರಡೂ ಮನೆಯವರು ಬಳಸುತ್ತಾರೆ, ಮನೆಗೆ 3 ಪಾಲು. ಎರಡನೆಯದನ್ನು 9 ಮನೆ, ತಲಾ 4. ಮೂರನೆಯದನ್ನು 6 ಮನೆ, ತಲಾ 6. ಕೊನೆಯದನ್ನು 3 ಮನೆ, ತಲಾ 12. ಕೂಡಿದರೆ ಮೊದಲ ಮನೆಗಳಿಗೆ 3, ನಂತರದವಕ್ಕೆ 7, 13, ಕೊನೆಯವಕ್ಕೆ 25. ಕಾಗದದ ಮೇಲೆ ಸರಿ, ಆದರೆ ಎಂಟು ಪಟ್ಟಿಗಿಂತ ಹೆಚ್ಚು ಕೊಡಬೇಕಾದ ಆ ಮೂರು ಮನೆಯವರು ಎಷ್ಟು ವರ್ಷ ಸಂಘದಲ್ಲಿ ಉಳಿದಾರು?

ನಮ್ಮ ಸಲಹೆ: ಒಟ್ಟು 144 ಪಾಲಿನಲ್ಲಿ ಅರ್ಧವನ್ನು ಎಲ್ಲರಿಗೂ ಸಮನಾಗಿ ಹಂಚಿ, ಉಳಿದರ್ಧವನ್ನು ದೂರದ ಲೆಕ್ಕಕ್ಕೆ. ಆಗ ಮನೆಗೆ ಕ್ರಮವಾಗಿ 7.5, 9.5, 12.5, 18.5 ಬರುತ್ತದೆ. ಇದನ್ನು ಠರಾವು ಮಾಡಿ ಬೈಲಾಕ್ಕೆ ಸೇರಿಸಿ. ಅದಕ್ಕೂ ಮುಖ್ಯ, ಯಾರಾದರೂ ಮನೆ ಕಟ್ಟಲು ಶುರು ಮಾಡಿದರೆ ರಸ್ತೆಗೆಂದು ಠೇವಣಿ ಪಡೆಯಿರಿ. ಡಾಂಬರು ರಸ್ತೆಗಳ ಪರೀಕ್ಷೆಗಳಿಂದ ಬಂದ ಒಂದು ಅಂದಾಜು ಸೂತ್ರದ ಪ್ರಕಾರ ವಾಹನದ ಅಚ್ಚಿನ (ಆಕ್ಸಲ್) ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಸುಮಾರು 16 ಪಟ್ಟು. ವರ್ಷವಿಡೀ ಓಡಾಡುವ ಕಾರುಗಳಿಗಿಂತ ಒಂದು ತಿಂಗಳ ಕಲ್ಲು-ಸಿಮೆಂಟಿನ ಲಾರಿಗಳು ಹೆಚ್ಚು ಹಾಳು ಮಾಡಿಯಾವು. ಕೆಲಸಕ್ಕೆ ಮೊದಲು ಮತ್ತು ಮುಗಿದ ಮೇಲೆ ಅದೇ ಜಾಗಗಳಲ್ಲಿ ನಿಂತು ಫೋಟೊ ತೆಗೆದಿಡಿ.

ಪ್ರಶ್ನೆ: 48 ಸದಸ್ಯರು, ಕೋರಂ ಮೂರನೇ ಒಂದು. ಎರಡು ಸಲ ಸರ್ವಸದಸ್ಯರ ಸಭೆ ಕರೆದರೂ ಬಂದದ್ದು 11 ಜನ. ಬಂದವರೆಲ್ಲ ಒಪ್ಪಿದ್ದಾರೆ, ಬಜೆಟ್ ಪಾಸು ಮಾಡಬಹುದೇ?

ಉತ್ತರ: ಬೇಡ. ಕೋರಂ ಇಲ್ಲದ ಸಭೆ ಮಾಡಬಹುದಾದದ್ದು ಇಷ್ಟೇ: ಸ್ವಲ್ಪ ಹೊತ್ತು ಕಾದು ಫೋನು ಮಾಡಿ ಜನರನ್ನು ಕರೆಸುವುದು, ಮುಂದಿನ ದಿನಾಂಕ ಗೊತ್ತು ಮಾಡುವುದು, ಮುಂದೂಡುವುದು. ಹೆನ್ರಿ ರಾಬರ್ಟ್ 1876ರಲ್ಲಿ ಪ್ರಕಟಿಸಿದ, ಈಗಲೂ ಅನೇಕ ಸಂಘಗಳು ಅನುಸರಿಸುವ ಸಭಾ ನಿಯಮಗಳ ಪರಂಪರೆಯೂ ಇದನ್ನೇ ಹೇಳುತ್ತದೆ. ಈಗ ಎಲ್ಲರೂ ಒಪ್ಪಿದ ಬಜೆಟ್ಟನ್ನು ನಾಳೆ ಬಿಲ್ಲು ಬಂದಾಗ ಒಬ್ಬರು ಪ್ರಶ್ನಿಸಿದರೂ ಸಾಕು, ಇಡೀ ವರ್ಷದ ವಸೂಲಿ ಅಲುಗಾಡುತ್ತದೆ.

ಬೈಲಾದ ಪದಗಳನ್ನು ಇನ್ನೊಮ್ಮೆ ಓದಿ. ‘ಸದಸ್ಯರ ಮೂರನೇ ಒಂದು’ ಎಂದಿದೆಯೋ, ‘ಮತದ ಹಕ್ಕುಳ್ಳ ಸದಸ್ಯರ ಮೂರನೇ ಒಂದು’ ಎಂದಿದೆಯೋ? ಮೊದಲನೆಯದಾದರೆ 16 ಜನ ಬೇಕು. ಎರಡನೆಯದಾಗಿದ್ದು, ಉದಾಹರಣೆಗೆ ವಂತಿಗೆ ಬಾಕಿ ಉಳಿಸಿಕೊಂಡ 9 ಜನರಿಗೆ ಮತವಿಲ್ಲ ಎಂದಾದರೆ, 39ರ ಮೂರನೇ ಒಂದು, 13 ಸಾಕು. ಮುಂದೂಡಿದ ಸಭೆಗೆ ಕೋರಂ ಬೇಡ ಎಂಬ ಕಲಮು ಇದೆಯೇ ನೋಡಿ. ಇದ್ದರೂ ಹಳೆಯ ಅಜೆಂಡಾಕ್ಕೆ ಹೊಸ ವಿಷಯ ತುರುಕಬೇಡಿ. ದೂರದಲ್ಲಿರುವ ಮಾಲೀಕರಿಗೆ ಪ್ರತಿನಿಧಿ ಪತ್ರದ ಅವಕಾಶ ಕೊಡಿ, ಆದರೆ ಒಂದೇ ಸಭೆಗೆ ಮಾತ್ರ ಅನ್ವಯಿಸುವಂತೆ, ಒಬ್ಬರ ಕೈಯಲ್ಲಿ ಎರಡಕ್ಕಿಂತ ಹೆಚ್ಚು ಇರದಂತೆ. ಇಲ್ಲದಿದ್ದರೆ ಜೇಬಿನಲ್ಲಿ 15 ಪತ್ರ ಇಟ್ಟುಕೊಂಡವರೇ ಸಂಘವಾಗುತ್ತಾರೆ. ಮತ ಹಾಕಬೇಕಾದ ವಿಷಯಗಳನ್ನು ಅಜೆಂಡಾದ ಮೊದಲಿಗೆ ತನ್ನಿ. ಊಟದ ವಾಸನೆ ಬಂದ ಮೇಲೆ ಎಣಿಸಿದರೆ ತಲೆ ಕಡಿಮೆ ಇರುತ್ತವೆ.

ಪ್ರಶ್ನೆ: ವಂತಿಗೆ ಕೊಡದವರ ಹೆಸರನ್ನು ಗೇಟಿನ ಬೋರ್ಡಿನಲ್ಲಿ ಬರೆಯಬೇಕೆಂದು ಸಮಿತಿಯಲ್ಲಿ ಒತ್ತಡವಿದೆ. ಕೆಲವರು ಗೇಟೇ ತೆರೆಯಬಾರದು ಎನ್ನುತ್ತಾರೆ. – ಖಜಾಂಚಿ

ಉತ್ತರ: ಎರಡೂ ಬೇಡ. ಹಂಚಿಕೆಯ ಕಾಡು, ನೀರು, ಹುಲ್ಲುಗಾವಲನ್ನು ಜನ ತಾವೇ ಹೇಗೆ ನಿಭಾಯಿಸುತ್ತಾರೆ ಎಂಬ ಅಧ್ಯಯನಕ್ಕೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಾಮ್, ದೀರ್ಘಕಾಲ ಬಾಳಿದ ವ್ಯವಸ್ಥೆಗಳಲ್ಲಿ ಕಂಡ ಒಂದು ಗುಣ ಇದು: ಶಿಕ್ಷೆ ಸಣ್ಣದರಿಂದ ಶುರುವಾಗಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಕೊನೆಯ ದಿನಕ್ಕೆ 30 ದಿನ ಮೊದಲು ಬಿಲ್ಲು. ಗಡುವು ದಾಟಿ 15 ದಿನಕ್ಕೆ ನೆನಪೋಲೆ. 45ನೇ ದಿನಕ್ಕೆ ಸಮಿತಿಯ ಒಬ್ಬರು ಮನೆಗೇ ಹೋಗಿ ಅಥವಾ ಫೋನಿನಲ್ಲಿ ಮಾತನಾಡುವುದು, ಅಗತ್ಯವಿದ್ದರೆ ಕಂತು ಮಾಡಿಕೊಡುವುದು. 60ಕ್ಕೆ ಲಿಖಿತ ನೋಟಿಸು, ಬೈಲಾದಲ್ಲಿದ್ದರೆ ದಂಡ, ಮತದ ಹಕ್ಕು ಅಮಾನತು. ಆಮೇಲೆ ವಕೀಲರು. ಗೇಟು, ನೀರು ತಡೆಯುವ ಮೊದಲಂತೂ ವಕೀಲರನ್ನು ಕೇಳದೆ ಒಂದು ಹೆಜ್ಜೆಯೂ ಇಡಬೇಡಿ. ಬಾಕಿ ವಸೂಲಿಗೆ ಹೊರಟ ಸಂಘವೇ ಪರಿಹಾರ ಕೊಡಬೇಕಾದೀತು.

ಮೊದಲು ವಿಳಾಸ ಪರೀಕ್ಷಿಸಿ. ಜಮೀನು ಕೈ ಬದಲಾಗಿರುತ್ತದೆ, ಬಿಲ್ಲು ಹಳೆಯ ಮಾಲೀಕರಿಗೇ ಹೋಗುತ್ತಿರುತ್ತದೆ.

ಪ್ರಶ್ನೆ: ನೀರಿನ ಪಂಪು ಕೆಟ್ಟಾಗಲೆಲ್ಲ ತುರ್ತು ವಸೂಲಿ, ತುರ್ತು ಜಗಳ. ಮೀಸಲು ನಿಧಿಗೆ ಎಷ್ಟು ತೆಗೆದಿಡಬೇಕು?

ಉತ್ತರ: ಸಂಘದ ಆಸ್ತಿಗಳ ಒಂದು ಪಟ್ಟಿ ಮಾಡಿ: ಪಂಪು, ಟ್ಯಾಂಕು, ಗೇಟು, ಮೋರಿ, ರಸ್ತೆಯ ಮೇಲ್ಪದರ. ಪ್ರತಿಯೊಂದರ ಎದುರು ಇವತ್ತಿನ ಬದಲಿ ಖರ್ಚು, ಉಳಿದ ಆಯಸ್ಸು, ಈಗಾಗಲೇ ಕೂಡಿಟ್ಟದ್ದು. ಖರ್ಚಿನಿಂದ ಕೂಡಿಟ್ಟದ್ದನ್ನು ಕಳೆದು ಉಳಿದ ವರ್ಷಗಳಿಂದ ಭಾಗಿಸಿ. 10 ವರ್ಷ ಬಾಳುವ ಪಂಪಿಗೆ 6 ವರ್ಷವಾಗಿದೆ, ಬೆಲೆ 100 ಪಾಲು, ಕೈಯಲ್ಲಿ 20 ಎಂದರೆ, 80ನ್ನು 4ರಿಂದ ಭಾಗಿಸಿ ವರ್ಷಕ್ಕೆ 20. ಮೊದಲ ವರ್ಷದಿಂದಲೇ ಇಟ್ಟಿದ್ದರೆ 10 ಸಾಕಿತ್ತು. ಬೆಲೆ ಏರುವುದರಿಂದ ಪಟ್ಟಿಯನ್ನು ಪ್ರತಿ ವರ್ಷ ತಿದ್ದಿ. ಈ ಹಣಕ್ಕೆ ಬೇರೆ ಖಾತೆ, ಎರಡು ಸಹಿ. ಸಹಿದಾರರು ಒಂದೇ ಮನೆಯವರಾಗಿರಬಾರದು. ಬ್ಯಾಂಕಿನ ತಿಂಗಳ ಸ್ಟೇಟ್‌ಮೆಂಟು ಸಹಿ ಹಾಕದ ಮೂರನೆಯವರ ಕೈಗೆ ನೇರವಾಗಿ ಹೋಗಲಿ. ಖಜಾಂಚಿಯ ಮೇಲೆ ಅನುಮಾನದಿಂದಲ್ಲ, ನಾಳೆ ಅವರ ಮೇಲೆ ಅನುಮಾನ ಬಾರದಿರಲೆಂದು.

ಪ್ರಶ್ನೆ: ಸಭೆಯಲ್ಲಿ ತಾನು ಹೇಳಿದ್ದೆಲ್ಲ ನಡಾವಳಿಯಲ್ಲಿ ಬರಬೇಕೆಂದು ಒಬ್ಬ ಸದಸ್ಯರ ಹಟ.

ಉತ್ತರ: ನಡಾವಳಿ ಸಭೆ ಮಾಡಿದ್ದರ ದಾಖಲೆ, ಆಡಿದ್ದರ ದಾಖಲೆಯಲ್ಲ. ಠರಾವಿನ ಪೂರ್ಣ ಪಾಠ, ಮಂಡಿಸಿದವರು, ಅನುಮೋದಿಸಿದವರು, ಪರ-ವಿರೋಧದ ಎಣಿಕೆ ಸಾಕು. ಅವರ ಭಿನ್ನಾಭಿಪ್ರಾಯವನ್ನು ಒಂದು ಸಾಲಿನಲ್ಲಿ ಸೇರಿಸಿದರೆ ಹೆಚ್ಚಿನವರು ತಣ್ಣಗಾಗುತ್ತಾರೆ.

ಪ್ರಶ್ನೆ: ಶ್ರಮದಾನಕ್ಕೆ ಕರೆದರೆ 60 ಮನೆಯಿಂದ ಎಂಟು ಜನ ಬರುತ್ತಾರೆ, ಪ್ರತಿ ಸಲವೂ ಅದೇ ಎಂಟು ಜನ. ಬರದವರಿಗೆ ದಂಡ ಹಾಕೋಣವೇ?

ಉತ್ತರ: ದಂಡ ಹಾಕಿದರೆ ಅದು ರಜೆಯ ಬೆಲೆಯಾಗುತ್ತದೆ, ಕೊಟ್ಟು ಮನೆಯಲ್ಲೇ ಕೂರುತ್ತಾರೆ. ನೀವು ‘ಭಾನುವಾರ ಬೆಳಿಗ್ಗೆ ಎಲ್ಲರೂ ಬನ್ನಿ’ ಎಂದು ಕರೆದಿರಬಹುದು. ಏನು ಕೆಲಸ, ಎಷ್ಟು ಹೊತ್ತು ಗೊತ್ತಿಲ್ಲದಿದ್ದರೆ ಜನ ಹಿಂಜರಿಯುತ್ತಾರೆ. ಮೂರು ಗಂಟೆಯ ಕೆಲಸ ಇಟ್ಟು ಹಾಳೆಯಲ್ಲಿ ಬರೆಯಿರಿ: ಎರಡನೇ ಮೋರಿಯ ಹೂಳು ತೆಗೆಯಲು 4 ಜನ, 2 ಗುದ್ದಲಿ, 2 ಬಾಂಡ್ಲಿ, ಗೇಟಿನ ತುಕ್ಕು ಉಜ್ಜಿ ಬಣ್ಣ ಹಚ್ಚಲು 3 ಜನ, ಮಂಡಿ ನೋವಿನವರಿಗೆ ಕುಳಿತು ಮಾಡುವ ಕೆಲಸ, ಮನೆ-ಫೋನು ಪಟ್ಟಿ ತಿದ್ದುವುದು. ಪ್ರತಿ ಕೆಲಸದ ಎದುರು ಖಾಲಿ ಗೆರೆ ಬಿಟ್ಟು ಹತ್ತು ದಿನ ಮೊದಲೇ ಮನೆ ಮನೆಗೆ ಒಯ್ಯಿರಿ. ಹೊಸದಾಗಿ ಬಂದವರನ್ನು ಹಳೆಯ ಎಂಟು ಜನರಲ್ಲಿ ಒಬ್ಬೊಬ್ಬರ ಜೊತೆ ಹಾಕಿ, ಎಂಟೂ ಜನ ಒಂದೇ ಗುಂಪಾಗಲು ಬಿಡಬೇಡಿ.

ಹುಲ್ಲು ಕತ್ತರಿಸುವ ಯಂತ್ರ ನಡೆಯುವಾಗ ಸುತ್ತ 15 ಮೀಟರ್ ಒಳಗೆ ಯಾರೂ ಇರಬಾರದು, ಮಕ್ಕಳಂತೂ ಇನ್ನೂ ದೂರ. ತಂತಿ ಎಸೆಯುವ ಕಲ್ಲು ಕಣ್ಣಿಗೆ ಬಿದ್ದೀತು. ನಡೆಸುವವರಿಗೆ ಕನ್ನಡಕ ಕಡ್ಡಾಯ. ಊಟವನ್ನು ಕೆಲಸದ ಜಾಗದಲ್ಲೇ, ಹೇಳಿದ ಸಮಯಕ್ಕೇ ಬಡಿಸಿ. ಕೆಲಸ ಉಳಿದಿದ್ದರೂ ಹೇಳಿದ ಗಂಟೆಗೆ ನಿಲ್ಲಿಸಿ. ಮತ್ತೆ, ಊಟದ ಕೊನೆಗೆ ‘ಇರಿ, ಐದೇ ನಿಮಿಷ, ವಂತಿಗೆ ವಿಷಯ’ ಎಂದು ಮೈಕು ಹಿಡಿಯಬೇಡಿ.