"ಶರಣಾದ ದೇಶ, ಶರಣಾಗದ ನಾಯಕ": ನಿಮ್ಮ ಲೇಖನದ ಬಗ್ಗೆ ನಾಲ್ಕು ಮಾತು

ಪ್ರಿಯರೇ,

1940ರಲ್ಲಿ ಜರ್ಮನಿಗೆ ಸೋತ ಫ್ರಾನ್ಸ್ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗಂತ ಒಂದು ಸಾಲಿನ ಉತ್ತರ ಬರೆದು ಸುಮ್ಮನಾಗಲು ಮನಸ್ಸು ಬರಲಿಲ್ಲ. ಮೂರನೇ ಪುಟದಲ್ಲಿ ನೀವು ಬರೆದ ಒಂದು ಸಾಲು ನನ್ನನ್ನು ಹಿಡಿದುಕೊಂಡಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನನಗೆ ತುಂಬಾ ಬೇಸರವಾದ ವಿಷಯ. "ಹೇಡಿಗಳ ದೇಶ" ಎಂದೇ ಶುರು ಮಾಡಿದ್ದೀರಿ. ಆರು ವಾರದಲ್ಲಿ ಸೋತರು, ಹಾಗಾಗಿ ಹೇಡಿಗಳು ಎನ್ನುವುದು ನಿಮ್ಮ ವಾದ. ಆ ಆರು ವಾರದಲ್ಲಿ 50 ಸಾವಿರಕ್ಕೂ ಹೆಚ್ಚು ಫ್ರೆಂಚ್ ಸೈನಿಕರು ಸತ್ತಿದ್ದಾರೆ. ಅವರ ಬಗ್ಗೆ ಆ ಪದ ಬಳಸಬೇಡಿ. ಎಡವಿದ್ದು ಮೇಲೆ ಕೂತ ಸೇನಾಪತಿಗಳು. ಜರ್ಮನ್ನರು ಗಡಿಯಲ್ಲಿ ಫ್ರೆಂಚರು ಕಟ್ಟಿದ್ದ ಮ್ಯಾಜಿನೋ ಕೋಟೆಸಾಲನ್ನು ಪುಡಿ ಮಾಡಿ ಒಳಗೆ ಬಂದರು ಎಂದಿದ್ದೀರಿ, ಅದೂ ತಪ್ಪು. ಟ್ಯಾಂಕುಗಳು ಅಷ್ಟು ಸುಲಭಕ್ಕೆ ದಾಟಲಾರವು ಎಂದು ಫ್ರೆಂಚರು ನಂಬಿದ್ದ ಆರ್ಡೆನ್ ಕಾಡಿನ ಮೂಲಕ ಬಂದು, ಮೇ 13ರಂದು ಸೆಡಾನ್ ಹತ್ತಿರ ಮ್ಯೂಸ್ ನದಿ ದಾಟಿದರು. ಫ್ರಾನ್ಸಿನ ಒಳ್ಳೆಯ ಪಡೆಗಳು ಆಗ ಉತ್ತರಕ್ಕೆ, ಬೆಲ್ಜಿಯಂ ಕಡೆಗೆ ಹೋಗಿದ್ದವು. ಮುಂಬಾಗಿಲಿಗೆ ಅಗುಳಿ ಹಾಕಿ ಹಿತ್ತಲ ಬಾಗಿಲು ಮರೆತ ಹಾಗಾಯಿತು.

ಇನ್ನೊಂದು ತೊಂದರೆ, ನಿಮ್ಮ ಕಥೆ 1940ರಲ್ಲೇ ಹುಟ್ಟುತ್ತದೆ. ಅದು 1916ರಲ್ಲಿ ಹುಟ್ಟಬೇಕು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್ 13 ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಕಳೆದುಕೊಂಡಿತು. ಅಲ್ಲಿ ಹೆಚ್ಚುಕಡಿಮೆ ಪ್ರತಿ ಊರಿನಲ್ಲೂ ಒಂದು ಸ್ಮಾರಕ ಇದೆ. ನಮ್ಮ ವೀರಗಲ್ಲು ನೆನಪಾಗುತ್ತದೆ. ಆದರೆ ಇಲ್ಲಿ ಊರಿನ ಸತ್ತವರೆಲ್ಲರ ಹೆಸರು ಒಟ್ಟಿಗೆ, ಒಂದೇ ಮನೆತನದ ಹೆಸರು ಎರಡು ಮೂರು ಸಲ. ಫ್ರಾನ್ಸಿನ ವರ್ಡನ್ನಿನಲ್ಲಿ ಜರ್ಮನ್ನರ ಜೊತೆಗಿನ ಯುದ್ಧ 1916ರ ಫೆಬ್ರವರಿ 21ಕ್ಕೆ ಶುರುವಾಗಿ ಡಿಸೆಂಬರ್‌ವರೆಗೆ, ಸುಮಾರು 300 ದಿನ ನಡೆಯಿತು. ಎರಡೂ ಕಡೆ ಸೇರಿ 3 ಲಕ್ಷದಷ್ಟು ಜನ ಸತ್ತರು. ಪಕ್ಕದ ಫ್ಲೂರಿ ಎಂಬ ಹಳ್ಳಿ ಪೂರ್ತಿ ನೆಲಸಮವಾಯಿತು, ಮತ್ತೆ ಕಟ್ಟಲೇ ಇಲ್ಲ. ಇವತ್ತಿಗೂ ಆ ಊರಿಗೆ ಮೇಯರ್ ಇದ್ದಾರೆ, ಜನ ಇಲ್ಲ.

ವರ್ಡನ್ನಿನಲ್ಲಿ ಫ್ರೆಂಚ್ ಪಡೆಗಳನ್ನು ನಡೆಸಿದವನು ಫಿಲಿಪ್ ಪೆತೇನ್. ಒಂದೇ ರೆಜಿಮೆಂಟನ್ನು ಅಲ್ಲೇ ಸಾಯಲು ಬಿಡದೆ, ಸರದಿ ಮೇಲೆ ಬದಲಾಯಿಸುತ್ತಿದ್ದ. ಹಾಗಾಗಿ ಫ್ರೆಂಚ್ ಸೇನೆಯ ದೊಡ್ಡ ಪಾಲು ಆ ಒಂದು ಜಾಗವನ್ನು ಹಾದು ಬಂತು. ಹಳ್ಳಿ ಹಳ್ಳಿಯಲ್ಲೂ ಅವನ ಹೆಸರು ಗೊತ್ತಿತ್ತು. ನಮ್ಮ ಹುಡುಗರ ಜೀವದ ಬೆಲೆ ತಿಳಿದವನು ಎಂದು ಜನ ನಂಬಿದರು. 24 ವರ್ಷದ ನಂತರ, 84ರ ವಯಸ್ಸಿನಲ್ಲಿ ಅವನು ಪ್ರಧಾನಿಯಾಗಿ ರೇಡಿಯೋದಲ್ಲಿ ಯುದ್ಧ ನಿಲ್ಲಿಸಬೇಕು ಎಂದಾಗ ಎಷ್ಟೋ ಮನೆಗಳಲ್ಲಿ ಜನ ಅತ್ತರು, ಜೊತೆಗೆ ನಿಟ್ಟುಸಿರನ್ನೂ ಬಿಟ್ಟರು. ಇದನ್ನು ಓದುಗರಿಗೆ ಹೇಳದೆ ನೀವು ಪೆತೇನ್‌ನನ್ನು ನೇರವಾಗಿ ಶಕುನಿ ಮಾಡಿಬಿಟ್ಟಿದ್ದೀರಿ. ಆ ಹೋಲಿಕೆ ತೆಗೆದುಬಿಡಿ. ಶಕುನಿಯನ್ನು ನಂಬಿದ್ದು ದುರ್ಯೋಧನನ ಕಡೆಯವರು ಮಾತ್ರ. ಇವನನ್ನು ಸೈನಿಕರ ತಾಯಂದಿರು ನಂಬಿದ್ದರು. ಅಧಿಕಾರ ಕಸಿದುಕೊಂಡ ಎಂದೂ ಬರೆದಿದ್ದೀರಿ. ಕಸಿಯಲಿಲ್ಲ, ಕೊಟ್ಟರು. ಜುಲೈ 10ರಂದು ವಿಶಿ ಪಟ್ಟಣದಲ್ಲಿ ಸೇರಿದ ಸಂಸದರು 569 ಮತಗಳಿಂದ ಅವನಿಗೆ ಪೂರ್ಣಾಧಿಕಾರ ಕೊಟ್ಟರು. ಬೇಡ ಎಂದವರು 80 ಜನ. ಆ 80 ಜನರ ಬಗ್ಗೆ ನೀವು ಒಂದು ಪ್ಯಾರಾ ಬರೆದರೆ ನಾನು ಸಂತೋಷವಾಗಿ ಓದುತ್ತೇನೆ.

ಶರಣಾಗಲು ಒಪ್ಪದೆ ಲಂಡನ್ನಿನಿಂದ ರೇಡಿಯೋದಲ್ಲಿ ಹೋರಾಟ ಮುಂದುವರಿಸಲು ಕರೆ ಕೊಟ್ಟ ಡಿ ಗಾಲ್ ಭಾಗದಲ್ಲಿ ಸಿನಿಮಾ ಜಾಸ್ತಿ ಆಗಿದೆ. ಜೂನ್ 18ರ ಸಂಜೆ ಇಡೀ ಫ್ರಾನ್ಸ್ ರೇಡಿಯೋ ಮುಂದೆ ಕೂತಿರಲಿಲ್ಲ. ಕೇಳಿಸಿಕೊಂಡವರು ಕಡಿಮೆ. ಆ ಭಾಷಣದ ಧ್ವನಿಮುದ್ರಣವೂ ಉಳಿದಿಲ್ಲ. "ಒಂದು ಕದನ ಸೋತಿದ್ದೇವೆ, ಯುದ್ಧ ಸೋತಿಲ್ಲ" ಎಂಬ ಮಾತು ಆ ಭಾಷಣದ್ದಲ್ಲ, ಆಮೇಲೆ ಲಂಡನ್ನಿನ ಗೋಡೆಗಳಿಗೆ ಅಂಟಿಸಿದ ಪೋಸ್ಟರಿನದು. ಅವನು ಆಗ 49 ವರ್ಷದ, ಹೆಚ್ಚಿನವರಿಗೆ ಗೊತ್ತೇ ಇಲ್ಲದ ಒಬ್ಬ ಬ್ರಿಗೇಡಿಯರ್ ಜನರಲ್. ಹಿಂದೆ ಸೈನ್ಯ ಇಲ್ಲ, ದುಡ್ಡಿಲ್ಲ. ಹಾಗೆ ಬರೆದರೆ ಅವನ ಧೈರ್ಯ ಇನ್ನೂ ದೊಡ್ಡದಾಗಿ ಕಾಣುತ್ತದೆ, ಅಲ್ವಾ?

ಈಗ ನನ್ನ ದೊಡ್ಡ ತಕರಾರು. ಕೊಂಪಿಯೆನ್ ಕಾಡಿನ ರೈಲು ಬೋಗಿಯಲ್ಲಿ ಜರ್ಮನಿಯ ಜೊತೆ ನಡೆದ ಕದನವಿರಾಮದ ಒಪ್ಪಂದಕ್ಕೆ ಒಂದೂವರೆ ಪುಟ ಕೊಟ್ಟಿದ್ದೀರಿ. ಯಹೂದಿಗಳ ಬಗ್ಗೆ ಒಂದು ಸಾಲೂ ಇಲ್ಲ. ಯುದ್ಧ ನಿಲ್ಲಿಸಿದ್ದು ಬೇರೆ, ಆಮೇಲೆ ಮಾಡಿದ್ದು ಬೇರೆ. 1940ರ ಅಕ್ಟೋಬರಿನಲ್ಲೇ ಪೆತೇನ್‌ನ ವಿಶಿ ಸರ್ಕಾರ ಯಹೂದಿಗಳ ವಿರುದ್ಧ ತನ್ನದೇ ಕಾನೂನು ತಂದಿತು. 1942ರ ಜುಲೈ 16 ಮತ್ತು 17ರಂದು ಪ್ಯಾರಿಸ್ ಮತ್ತು ಸುತ್ತಮುತ್ತ 13 ಸಾವಿರ ಯಹೂದಿಗಳನ್ನು ಹಿಡಿದವರು ಫ್ರೆಂಚ್ ಪೊಲೀಸರು. ಅವರಲ್ಲಿ 4 ಸಾವಿರಕ್ಕೂ ಹೆಚ್ಚು ಮಕ್ಕಳಿದ್ದರು. ಇದರಲ್ಲಿ ಫ್ರಾನ್ಸ್ ದೇಶದ ಹೊಣೆ ಇದೆ ಎಂದು ಅಧ್ಯಕ್ಷರೊಬ್ಬರು, ಜಾಕ್ ಶಿರಾಕ್, ಒಪ್ಪಿಕೊಂಡದ್ದು 1995ರಲ್ಲಿ. ಪೆತೇನ್ ಮೇಲೆ ನಿಮಗೆ ಸಿಟ್ಟಿದ್ದರೆ ಅದು ಇಲ್ಲಿ ಬರಲಿ. ಸೋತದ್ದಕ್ಕೆ ಬೈದು ಇದನ್ನು ಬಿಟ್ಟರೆ ಲೇಖನದ ನ್ಯಾಯವೇ ತಪ್ಪುತ್ತದೆ.

ಇನ್ನು ಆ ಮೂರನೇ ಪುಟದ ಸಾಲು. "1912ರಲ್ಲಿ ಅರಾಸ್ ಊರಿನ 33ನೇ ಪದಾತಿ ರೆಜಿಮೆಂಟಿಗೆ ಡಿ ಗಾಲ್ ಸೇರಿದಾಗ ಅದರ ಕರ್ನಲ್ ಪೆತೇನ್." ಇಷ್ಟು ಹೇಳಿ ಮುಂದೆ ಓಡಿಬಿಟ್ಟಿರಿ! ನಿಮ್ಮ ಲೇಖನ ಇರುವುದೇ ಇಲ್ಲಿ. ಡಿ ಗಾಲ್ ಅದೇ ವರ್ಡನ್ನಿನಲ್ಲಿ, 1916ರ ಮಾರ್ಚಿನಲ್ಲಿ, ಡೂಮೋ ಹತ್ತಿರ ಗಾಯಗೊಂಡು ಜರ್ಮನ್ನರಿಗೆ ಸೆರೆ ಸಿಕ್ಕ. 1940ರ ಆಗಸ್ಟಿನಲ್ಲಿ ಪೆತೇನ್ ಸರ್ಕಾರದ ಮಿಲಿಟರಿ ಕೋರ್ಟು ಅವನಿಗೆ ಮರಣದಂಡನೆ ವಿಧಿಸಿತು. 1945ರಲ್ಲಿ ಪೆತೇನ್‌ಗೆ ಮರಣದಂಡನೆಯ ತೀರ್ಪು ಬಂದಾಗ ಅದನ್ನು ಜೀವಾವಧಿಗೆ ಇಳಿಸಿದವನು, ಆಗ ಸರ್ಕಾರದ ಮುಖ್ಯಸ್ಥನಾಗಿದ್ದ ಡಿ ಗಾಲ್. ಮುದುಕ 1951ರಲ್ಲಿ, ಸಮುದ್ರದ ನಡುವಿನ ಯೂ ದ್ವೀಪದಲ್ಲಿ ಸತ್ತ, 95 ವರ್ಷಕ್ಕೆ.

ಅರಾಸ್‌ನ ಆ ಬ್ಯಾರಕ್ಕಿನಿಂದ ಶುರು ಮಾಡಿ. ರೈಲು ಬೋಗಿ ನಾಲ್ಕು ಸಾಲಿಗೆ ಇಳಿಯಲಿ. ಶೀರ್ಷಿಕೆಯನ್ನೂ ಬದಲಾಯಿಸಿ, ಈಗ ನಿಮಗೇ ಅದು ಸರಿ ಅನ್ನಿಸಲಾರದು. ಅವಸರ ಬೇಡ, ತಿಂಗಳಾದರೂ ಪರವಾಗಿಲ್ಲ. ತಿದ್ದಿದ ಪ್ರತಿಯನ್ನು ನನ್ನ ಹೆಸರಿಗೇ ಕಳಿಸಿ.