ತೆಂಗಿನೆಣ್ಣೆ ಬಿಡ್ಬೇಕಾ? ಅಂಕೋಲಾದ ಅಕ್ಕೋರಿಗೆ ಉತ್ತರ

(ಅಂಕೋಲಾ ಕಡೆಯ ನಿವೃತ್ತ ಶಿಕ್ಷಕಿಯೊಬ್ಬರು ಪತ್ರ ಬರೆದಿದ್ದಾರೆ. ಯಜಮಾನರ ರಕ್ತ ಪರೀಕ್ಷೆಲಿ ಕೆಟ್ಟ ಕೊಲೆಸ್ಟ್ರಾಲ್ ಅಂತಾರಲ್ಲ, ಆ ಎಲ್‌ಡಿಎಲ್ 168 ಬಂದಿದೆ, ಡಾಕ್ಟ್ರು ತೆಂಗಿನೆಣ್ಣೆ ಕಮ್ಮಿ ಮಾಡಿ ಅಂದಿದ್ದಾರೆ, ಬೆಂಗಳೂರಿಂದ ಬಂದ ಮಗ ಸನ್‌ಫ್ಲವರ್ ಎಣ್ಣೆ ಕ್ಯಾನ್ ತಂದಿಟ್ಟಿದ್ದಾನೆ, ವಾಟ್ಸಾಪಲ್ಲಿ ನೋಡಿದ್ರೆ ರಿಫೈಂಡ್ ಅಂದ್ರೆ ವಿಷ ಅಂತ ಬರ್ತಿದೆ, ಅತ್ತೆಯವರು ನಾವೆಲ್ಲ ಹುಟ್ಟಿದಾಗಿಂದ ತೆಂಗಿನೆಣ್ಣೆನೇ ತಿಂದವರಲ್ವಾ ಅಂತಾರೆ. ಯಾರ ಮಾತು ಕೇಳ್ಲಿ ಅನ್ನೋದು ಪ್ರಶ್ನೆ.)

ಅಕ್ಕೋರೇ, ನಮಸ್ಕಾರ.

ಇದೇ ಪ್ರಶ್ನೆ ನಮ್ಮ ಜಿಲ್ಲೆಯ ಎಷ್ಟೋ ಅಡಿಗೆಮನೆಲಿ ಇದೆ, ಅದಕ್ಕೇ ಸ್ವಲ್ಪ ಉದ್ದ ಬರೀತಿದ್ದೇನೆ. ಮೊದಲೇ ಹೇಳಿಬಿಡ್ತೀನಿ, ನಿಮ್ಮ ಡಾಕ್ಟ್ರು ಹೇಳಿದ್ದು ಸರಿ ಇದೆ. ಆದ್ರೆ ಬಾಟ್ಲಿ ಬದಲಾಯಿಸಿದ ಕೂಡ್ಲೇ ಕೆಲಸ ಮುಗೀತು ಅನ್ಕೊಂಡ್ರೆ ಅದು ತಪ್ಪು, ಯಾಕಂದ್ರೆ ಯಾವ ಎಣ್ಣೆ ಅನ್ನೋದಕ್ಕಿಂತ ಎಷ್ಟು ಎಣ್ಣೆ, ಎಷ್ಟು ಸಲ ಕಾಯಿಸಿದ ಎಣ್ಣೆ ಅನ್ನೋದು ದೊಡ್ಡ ವಿಷಯ.

ತೆಂಗಿನೆಣ್ಣೆಲಿ ಸುಮಾರು 90 ಪರ್ಸೆಂಟ್ ಸ್ಯಾಚುರೇಟೆಡ್ ಕೊಬ್ಬು, ಅಂದ್ರೆ ಕೆಟ್ಟ ಕೊಲೆಸ್ಟ್ರಾಲ್ ಏರಿಸೋ ಥರದ ಕೊಬ್ಬು, ಶೇಂಗಾ ಎಣ್ಣೆಲಿ ಅದು 20ರ ಒಳಗೆ. ಸರ್ಕ್ಯುಲೇಶನ್ ಅನ್ನೋ ವೈದ್ಯಕೀಯ ಪತ್ರಿಕೆಲಿ 2020ರಲ್ಲಿ 16 ಪ್ರಯೋಗಗಳನ್ನ ಒಟ್ಟು ಸೇರಿಸಿ ನೋಡಿದ ಒಂದು ಅಧ್ಯಯನ ಬಂತು, ಶೇಂಗಾ ಸನ್‌ಫ್ಲವರ್ ಥರದ ಎಣ್ಣೆ ತಿಂದವರಿಗಿಂತ ತೆಂಗಿನೆಣ್ಣೆ ತಿಂದವರಲ್ಲಿ ಎಲ್‌ಡಿಎಲ್ ಸರಾಸರಿ 10 ಪಾಯಿಂಟ್‌ನಷ್ಟು ಜಾಸ್ತಿ ಇತ್ತು. ಒಳ್ಳೇ ಕೊಲೆಸ್ಟ್ರಾಲ್ ಅಂತೀವಲ್ಲ ಆ ಎಚ್‌ಡಿಎಲ್ಲೂ 4ರಷ್ಟು ಏರಿತ್ತು, ವಾಟ್ಸಾಪಲ್ಲಿ ಅದೊಂದನ್ನೇ ಹೇಳ್ತಾರೆ, 10ರ ವಿಷಯ ಬಿಟ್ಟುಬಿಡ್ತಾರೆ. ಇನ್ನು ಎಂಸಿಟಿ ಅಂತ ಒಂದು ಮಾತಿದೆ, ಬೇಗ ಕರಗಿ ಶಕ್ತಿಯಾಗೋ ಕೊಬ್ಬು ಅಂತ, ತೆಂಗಿನೆಣ್ಣೆ ಅಂಥದ್ದೇ ಅಂತಾರೆ. ಆದ್ರೆ ತೆಂಗಿನೆಣ್ಣೆಲಿ ಅರ್ಧದಷ್ಟಿರೋದು ಲಾರಿಕ್ ಆಸಿಡ್, ಅದು ಮೈಯೊಳಗೆ ಬಹುಪಾಲು ಉಳಿದ ಸ್ಯಾಚುರೇಟೆಡ್ ಕೊಬ್ಬಿನ ದಾರಿನೇ ಹಿಡಿಯುತ್ತೆ. ಅಂಗಡಿಲಿ ಎಂಸಿಟಿ ಆಯಿಲ್ ಅಂತ ಮಾರೋದೇ ಬೇರೆ.

ಗಾಣದ್ದು ತಂದ್ರೆ ಆಗ್ಬಹುದಾ ಅಂತ ಕೇಳಿದ್ದೀರಿ. ಗಾಣದ ಎಣ್ಣೆಗೆ ಪರಿಮಳ ಇದೆ, ರಿಫೈನ್ ಮಾಡುವಾಗ ಕಳೆದುಹೋಗೋ ವಿಟಮಿನ್ ಇ ಅದರಲ್ಲಿ ಹೆಚ್ಚು ಉಳಿದಿರುತ್ತೆ, ನನಗೂ ಅದೇ ಇಷ್ಟ. ಆದ್ರೆ ಗಾಣದಲ್ಲಿ ಹಿಂಡಿದ್ರೂ ಸ್ಯಾಚುರೇಟೆಡ್ ಕೊಬ್ಬು ಅಷ್ಟೇ ಇರುತ್ತೆ, ಎಲ್‌ಡಿಎಲ್ ವಿಷಯದಲ್ಲಿ ಏನೂ ವಿನಾಯ್ತಿ ಇಲ್ಲ. ಗಾಣಕ್ಕೆ ಕೊಡೋ ಕೊಬ್ಬರಿ, ಶೇಂಗಾ ಬೂಸ್ಟು ಹಿಡಿದಿರಬಾರ್ದು. ನಮ್ಮ ಮಳೆಗಾಲದಲ್ಲಿ ಸರಿಯಾಗಿ ಒಣಗದೇ ಇದ್ರೆ ಅಫ್ಲಾಟಾಕ್ಸಿನ್ ಅನ್ನೋ ಬೂಸ್ಟಿನ ವಿಷ ಎಣ್ಣೆಗೂ ಇಳಿಯುತ್ತೆ, ರಿಫೈನ್ ಮಾಡುವಾಗ ಅದು ಬಹುಪಾಲು ಹೋಗುತ್ತೆ, ಗಾಣದಲ್ಲಿ ಹೋಗಲ್ಲ. ಹಾಗಾಗಿ ರಿಫೈಂಡ್ ಅಂದ್ರೆ ವಿಷ ಅನ್ನೋದನ್ನ ನಾನು ಒಪ್ಪಲ್ಲ. ಮಗ ತಂದ ಕ್ಯಾನ್ ಚೆಲ್ಲಬೇಡಿ. ಅದರ ಮೇಲೆ ಕೊಲೆಸ್ಟ್ರಾಲ್ ಫ್ರೀ ಅಂತ ದೊಡ್ಡದಾಗಿ ಬರೆದಿದ್ರೆ ಅದಕ್ಕೆ ಬೆಲೆ ಕೊಡೋದೂ ಬೇಡ, ಯಾವ ಸಸ್ಯದ ಎಣ್ಣೆಲೂ ಲೆಕ್ಕಕ್ಕೆ ಬರೋವಷ್ಟು ಕೊಲೆಸ್ಟ್ರಾಲ್ ಇರಲ್ಲ.

ಈಗ ಅಳತೆ ವಿಷಯ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿಲಿ 2000 ಕ್ಯಾಲರಿ ಊಟಕ್ಕೆ ಎಣ್ಣೆ-ತುಪ್ಪ ಎಲ್ಲ ಸೇರಿ ದಿನಕ್ಕೆ ಸುಮಾರು 27 ಗ್ರಾಂ ಅಂತಿದೆ. ಟೀ ಚಮಚದ ಲೆಕ್ಕದಲ್ಲಿ ಆರು. ನಾಲ್ಕು ಜನರ ಮನೆಗೆ ತಿಂಗಳಿಗೆ ಮೂರೂವರೆ ಲೀಟರ್ ಬಂತು. ನಿಮ್ಮನೆಲಿ ತಿಂಗಳಿಗೆ ಎಷ್ಟು ಖರ್ಚಾಗುತ್ತೆ ಅಂತ ಒಮ್ಮೆ ಬರೆದಿಡಿ, ಅಂಗಡಿ ಚೀಟಿ ನೋಡಿದ್ರೂ ಸಾಕು. ಬಾಟ್ಲಿಯಿಂದ ಸೀದಾ ಬಾಣಲೆಗೆ ಸುರಿಯೋ ಅಭ್ಯಾಸ ಇದ್ರೆ ಅದನ್ನ ಇವತ್ತೇ ಬಿಡಿ, ಒಗ್ಗರಣೆ ಸೌಟಿಗೆ ಚಮಚದಲ್ಲೇ ಹಾಕಿ. ತಂಬುಳಿಗೆ ಒಂದು ಚಮಚ ಸಾಕು, ಸಾಸಿವೆ ಸಿಡಿದು ಒಣಮೆಣಸು ಕೆಂಪಾಗೋಕೆ ಅದಕ್ಕಿಂತ ಬೇಡ.

ಇನ್ನೊಂದು ಮಾತು ಕರಾವಳಿಯವರು ಮರೀತೇವೆ. ನಾವು ಪಲ್ಯಕ್ಕೆ ಕಾಯಿ ಹಾಕ್ತೇವೆ, ಸಾರಿಗೆ ಕಾಯಿ ಬೀಸಿ ಹಾಕ್ತೇವೆ, ಚಟ್ನಿಗೂ ಕಾಯಿ, ಸೋಲ್ ಕಡಿಗೆ ಕಾಯಿಹಾಲು. ಹಸಿ ಕಾಯಿತುರಿಲಿ ಮೂರರಲ್ಲೊಂದು ಪಾಲು ಕೊಬ್ಬೇ. ನಾರಿನಂಶ ಇದೆ ಒಳ್ಳೇದು, ಕಾಯಿ ಬಿಡಿ ಅಂತ ನಾನು ಹೇಳ್ತಿಲ್ಲ, ಆದ್ರೆ ಕಾಯಿ ಇಷ್ಟು ತಿನ್ನೋ ಮನೆಲಿ ಅಡಿಗೆ ಪೂರ್ತಿ ತೆಂಗಿನೆಣ್ಣೆಲೇ ಆದ್ರೆ ಅದೇ ಕೊಬ್ಬು ಎರಡು ಕಡೆಯಿಂದ ಹೋಗುತ್ತೆ. ಅದಕ್ಕೇ ನನ್ನ ಸಲಹೆ ಏನಂದ್ರೆ ದಿನದ ಅಡಿಗೆಗೆ ಶೇಂಗಾ ಇಲ್ಲಾ ಅಕ್ಕಿ ತೌಡಿನ ಎಣ್ಣೆ, ನಡುವೆ ಸನ್‌ಫ್ಲವರ್, ಹೀಗೆ ಬದಲಾಯಿಸ್ತಾ ಇರಿ, ತೆಂಗಿನೆಣ್ಣೆ ಅದರ ರುಚಿನೇ ಬೇಕಾದ ಕಡೆ ಮಾತ್ರ ಇಡಿ. ಕೆಂಡದ ಮೇಲೆ ಸುಟ್ಟ ಹಲಸಿನ ಹಪ್ಪಳಕ್ಕೆ ನಾಲ್ಕು ಹನಿ ಸವರಿ ತಿನ್ನಿ, ಅದೇ ಹಪ್ಪಳ ಕರಿದ್ರೆ ಎಷ್ಟು ಎಣ್ಣೆ ಕುಡಿಯುತ್ತೆ ಅಂತ ಕರಿದು ಇಟ್ಟ ಕಾಗದ ನೋಡಿದ್ರೆ ಗೊತ್ತಾಗುತ್ತೆ. ಬಂಗಡೆ, ತಾರ್ಲೆಲಿ ಹೃದಯಕ್ಕೆ ಬೇಕಾದ ಒಮೆಗಾ-3 ಇದೆ, ಮುಳುಗಿಸಿ ಕರಿದ್ರೆ ಅದು ಕಮ್ಮಿಯಾಗುತ್ತೆ, ಸಾರು ಮಾಡಿ, ರವಾ ಫ್ರೈನೇ ಬೇಕು ಅಂದ್ರೆ ತವಾ ಮೇಲೆ ಎರಡು ಚಮಚದಲ್ಲಿ ಮಾಡಿ.

ನನಗೆ ನಿಜಕ್ಕೂ ಹೆದರಿಕೆ ಇರೋದು ಕರಿದ ಎಣ್ಣೆ ಬಗ್ಗೆ. ಮತ್ತೆ ಮತ್ತೆ ಕಾದ ಎಣ್ಣೆ ಒಡೆದು ಪೋಲಾರ್ ಕಾಂಪೌಂಡ್ ಅನ್ನೋ ಕೆಟ್ಟ ಅಂಶಗಳು ತುಂಬ್ಕೊಳ್ತವೆ. ಅದು 25 ಪರ್ಸೆಂಟ್ ದಾಟಿದ ಎಣ್ಣೆ ಬಳಸಬಾರ್ದು ಅಂತ 2018ರ ಜುಲೈಯಿಂದ ನಿಯಮ ಇದೆ, ಮನೆಲಿ ಅಳೆಯೋಕೆ ಮೀಟರ್ ಇಲ್ಲ, ಕಣ್ಣಲ್ಲೇ ನೋಡ್ಬೇಕು. ಹೊಸ ಎಣ್ಣೆಗೆ ಬಜ್ಜಿ ಬಿಟ್ರೆ ಗುಳ್ಳೆ ದೊಡ್ಡದಾಗಿ ಎದ್ದು ಪಟ್ಟನೆ ಒಡೆದುಹೋಗುತ್ತೆ. ಹಳೇದಾದ್ರೆ ಸಣ್ಣ ನೊರೆ ಎದ್ದು ಒಡೆಯದೇ ಹಾಗೇ ನಿಲ್ಲುತ್ತೆ, ಬಣ್ಣ ಕಪ್ಪಾಗುತ್ತೆ, ಬಾಣಲೆ ಅಂಚು ಅಂಟಂಟಾಗುತ್ತೆ, ಬೇಗನೇ ಹೊಗೆ ಬಂದು ಘಾಟು ಹೊಡೆಯುತ್ತೆ. ಅಂಥದ್ದನ್ನ ಹೊಸ ಎಣ್ಣೆ ಸೇರಿಸಿ ಸುಧಾರಿಸೋಕೆ ಹೋಗ್ಬೇಡಿ. ಸನ್‌ಫ್ಲವರ್ ಈ ವಿಷಯದಲ್ಲಿ ನಾಜೂಕು, ಬೇಗ ಕೆಡುತ್ತೆ, ಕರಿಯೋದಕ್ಕೆ ಶೇಂಗಾ ವಾಸಿ. ಒಮ್ಮೆ ಕರಿದದ್ದನ್ನ ಸೋಸಿಟ್ಟು ಎರಡು ದಿನದೊಳಗೆ ಒಗ್ಗರಣೆಗೆ ಮುಗಿಸಿ. ಬೇಕರಿ ಖಾರಿ, ಟೋಸ್ಟು, ಬಿಸ್ಕಿಟ್ ಪ್ಯಾಕೆಟ್ ಹಿಂದೆ ಪಾಮ್ ಆಯಿಲ್, ವೆಜಿಟೇಬಲ್ ಫ್ಯಾಟ್ ಅಂತಿರುತ್ತೆ, ಓದಿ. 2022ರಿಂದ ಟ್ರಾನ್ಸ್ ಫ್ಯಾಟ್ (ವನಸ್ಪತಿಲಿರೋ ಥರದ ಕೆಟ್ಟ ಕೊಬ್ಬು) 2 ಪರ್ಸೆಂಟ್ ದಾಟಬಾರ್ದು ಅಂತ ಕಾನೂನು ಬಂದು ಒಳ್ಳೇದಾಯ್ತು, ಆದ್ರೆ ಪಾಮ್ ಎಣ್ಣೆಲಿ ಅರ್ಧ ಸ್ಯಾಚುರೇಟೆಡ್ ಕೊಬ್ಬೇ ಇದೆ, ಅದು ಎಲ್ಲೂ ಹೋಗಿಲ್ಲ.

ಅತ್ತೆಯವರ ಮಾತಿಗೆ ಗೌರವ ಕೊಟ್ಟೇ ಹೇಳ್ತೇನೆ. ಅವರ ಕಾಲದಲ್ಲಿ ಎಣ್ಣೆ ತುಟ್ಟಿ, ಹಬ್ಬಕ್ಕೆ ಮಾತ್ರ ಕರಿಯೋದು, ದಿನವಿಡೀ ಗದ್ದೆಲಿ ತೋಟದಲ್ಲಿ ಮೈ ಮುರಿದು ದುಡಿಯೋರು. ಮತ್ತೆ ಐವತ್ತಕ್ಕೆ ಎದೆನೋವು ಬಂದು ಹೋದವರೂ ಆಗ ಇದ್ರು, ಗ್ಯಾಸ್ ಆಗಿತ್ತು ಅಂದುಬಿಡ್ತಿದ್ರು, ನಾವು ತೊಂಬತ್ತು ದಾಟಿದವರನ್ನ ಮಾತ್ರ ನೆನಪಿಟ್ಕೊಂಡಿದ್ದೇವೆ.

ಯಜಮಾನರಿಗೆ ಡಾಕ್ಟ್ರು ಮಾತ್ರೆ ಕೊಟ್ಟಿದ್ರೆ ಎಣ್ಣೆ ಬದಲಾಯಿಸಿದ್ದೇವೆ ಅಂತ ಅದನ್ನ ನಿಲ್ಲಿಸ್ಬೇಡಿ, ಶುಗರ್, ಬಿಪಿ, ಬೀಡಿ-ಸಿಗರೇಟು ಇದ್ರೆ ಅದನ್ನೂ ಅವರ ಹತ್ರ ಮುಚ್ಚಿಡದೇ ಹೇಳಿ. ಮೂರು ತಿಂಗಳು ಹೀಗೆ ಮಾಡಿ ಮತ್ತೆ ಲಿಪಿಡ್ ಟೆಸ್ಟ್ ಮಾಡ್ಸಿ. ಅತ್ತೆಯವರ ತಟ್ಟೆಲೂ ತೆಂಗಿನೆಣ್ಣೆ ಬಂದ್ ಮಾಡ್ಬೇಕಾ ಅಂತ ಕೊನೆಗೆ ಕೇಳಿದ್ದೀರಿ. ಅವರಿಗೆ 86, ಊಟವೇ ಕಮ್ಮಿ, ಹೃದಯದ ತೊಂದರೆ ಏನೂ ಇಲ್ಲ ಅಂತ ನೀವೇ ಬರೆದಿದ್ದೀರಿ. ಅವರ ತಂಬುಳಿ ಒಗ್ಗರಣೆ ತೆಂಗಿನೆಣ್ಣೆಲೇ ಇರ್ಲಿ.

ಸಂಪಾದಕ