ಪ್ರತಿಕ್ರಿಯೆ: ಗೀಸರ್, ಇಂಡಕ್ಷನ್ ಕೂಡಿ ಹಚ್ಚಿದ್ರ ಎಂಸಿಬಿ ಬೀಳೂದು
ಎಂಸಿಬಿ (ಲೋಡ್ ಜಾಸ್ತಿ ಆದ್ರ ತಾನಽ ಬಿದ್ದು ಕರೆಂಟ್ ಬಂದ್ ಮಾಡೋ ಸ್ವಿಚ್) ಕೆಟ್ಟಿರಲಿಕ್ಕಿಲ್ರಿ, ಒಂದಽ ಲೈನ್ ಮ್ಯಾಲೆ ಲೋಡ್ ಜಾಸ್ತಿ ಆಗೇತಿ. ನವನಗರದ ಹಳೇ ಮನ್ಯಾಗ ಗೀಸರ್, ಇಂಡಕ್ಷನ್, ಮಿಕ್ಸರ್ ಮೂರೂ ಕೂಡಿ ಹಚ್ಚಿದ್ರ ಹತ್ತು ಹದಿನೈದು ನಿಮಿಷಕ್ಕ 16 ಆಂಪಿಯರಿನ ಎಂಸಿಬಿ ಬೀಳ್ತೈತಿ ಅಂದ್ರಿ, ಹಿಂಗ ತಡಾ ಮಾಡಿ ಬೀಳೂದು ಓವರ್‌ಲೋಡಿನ ಲಕ್ಷಣ, ಶಾರ್ಟ್ ಸರ್ಕ್ಯೂಟ್ ಇದ್ರ ಸ್ವಿಚ್ ಹಾಕಿದ ಕೂಡ್ಲೇ ಟಪ್ ಅಂತಿತ್ತು.

ಮೊದ್ಲ ಆ ಎಂಸಿಬಿ ಬಂದ್ ಮಾಡಿ ಯಾವ್ಯಾವ ಸಾಕೆಟ್‌ನಾಗ ಕರೆಂಟ್ ಬಂದ್ ಆಗ್ತೈತಿ ಬರಕೋರಿ. ಆಮ್ಯಾಲೆ ಅದರಾಗ ಹಚ್ಚೋ ಸಾಮಾನಿನ ವ್ಯಾಟ್ ಎಲ್ಲಾ ಕೂಡಿಸಿ 230ರಿಂದ ಭಾಗಸ್ರಿ. ಗೀಸರ್ 2000, ಇಂಡಕ್ಷನ್ 2000, ಮಿಕ್ಸರ್ 750 ಹಿಡದ್ರ 4750, ಅಂದ್ರ ಸುಮಾರು 20.7 ಆಂಪಿಯರ್. ನಿಮ್ಮವು ಎಷ್ಟದಾವೋ ಅವುಗಳ ಮ್ಯಾಲೆ ಬರದಿರ್ತೈತಿ, ನೋಡ್ರಿ. ಮಿಕ್ಸರ್ ಬಿಟ್ರೂ ಉಳದ ಎರಡಽ 17 ಆಂಪಿಯರ್ ದಾಟ್ತಾವ.

32 ಆಂಪಿಯರಿನ ಎಂಸಿಬಿ ಹಾಕಸ್ಲ್ಯಾ ಅಂತ ಕೇಳೀರಿ, ಬ್ಯಾಡಽ ಬ್ಯಾಡ. ಎಂಸಿಬಿ ಇರೂದು ವೈರ್ ಕಾಯಾಕ, ಗೀಸರ್ ಕಾಯಾಕಲ್ಲ. ಒಳಗ 2.5 ಸ್ಕ್ವೇರ್ ಎಂಎಂ ದಪ್ಪದ ವೈರ್ ಇದ್ರ 32 ಬೀಳೂ ಮೊದ್ಲ ವೈರ್ ಕಾದು ಇನ್ಸುಲೇಶನ್ ಕರಗಬಹುದು, ಹಳೇ ಮನ್ಯಾಗ 1.5 ಇದ್ರೂ ಇರಬಹುದು, ನೋಡದ ಹೇಳಾಕ ಬರೂದಿಲ್ಲ.

ಡಿಬಿಯಿಂದ (ಎಂಸಿಬಿಗಳು ಇರೋ ಪೆಟ್ಟಿಗಿಯಿಂದ) ಗೀಸರ್‌ಗೆ ಬ್ಯಾರೆ ಲೈನ್ ಎಳಸ್ರಿ, 4 ಸ್ಕ್ವೇರ್ ಎಂಎಂ ವೈರ್, ಬ್ಯಾರೆ ನ್ಯೂಟ್ರಲ್, ಅರ್ಥಿಂಗ್, ಅದಕ್ಕಽ ಒಂದು 16 ಆಂಪಿಯರ್ ಎಂಸಿಬಿ. ಹೆಸ್ಕಾಂ ಬಿಲ್ಲಿನಾಗ ಮಂಜೂರಾದ ಲೋಡ್ ಎಷ್ಟೈತಿ ಅದನ್ನೂ ನೋಡ್ರಿ. ಅಲ್ಲಿತನಕ ಗೀಸರ್ ಬಂದ್ ಮಾಡೇ ಇಂಡಕ್ಷನ್ ಹಚ್ರಿ. ಬೋರ್ಡ್ ಬಿಸಿ ಆಗಿದ್ರ, ಸುಟ್ಟ ವಾಸನಿ ಬಂದ್ರ ಇವತ್ತಽ ಆ ಲೈನ್ ಬಂದ್ ಮಾಡಿ ಎಲೆಕ್ಟ್ರಿಷಿಯನ್ ಕರಸ್ರಿ.